ಗುಳಿಗೆಗಿಂತ ಮೊದಲು ಕಣ್ಣು ನೋಡಲು ಕಲಿಸಿದ ಮೇಡಂಗೆ

ಈ ತಿಂಗಳ ಕೊನೆಗೆ ನಮ್ಮ ಕಿವಿ-ಮೂಗು-ಗಂಟಲು ವಿಭಾಗದ ಪ್ರಾಧ್ಯಾಪಕಿ ನಿವೃತ್ತರಾಗುತ್ತಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಇಲ್ಲಿ ಅವರು ಬರೀ ಮೇಡಂ. ಶಾಲು, ಹಾರ, ಮೈಸೂರು ಪೇಟ ಎಲ್ಲ ಸಮಾರಂಭದ ದಿನ ಇದ್ದೇ ಇದೆ. ಅವರ ಕೈಕೆಳಗೆ ಕಲಿತ ವೈದ್ಯರು, ಆಡಿಯಾಲಜಿಸ್ಟ್‌ಗಳು ಸೇರಿ ಹೇಳುವ ಧನ್ಯವಾದ ಕೆಲಸದ ಮಾತಿನಲ್ಲೇ ಇರಲಿ.

ಮೊದಲ ಋಣ ಪ್ರಶ್ನೆಗಳದ್ದು. ಮನೆ ಗರಗರ ತಿರುಗಿದರೂ ತಲೆಸುತ್ತು, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೂ ತಲೆಸುತ್ತು, ನಡೆಯುವಾಗ ತೂರಾಡಿದರೂ ತಲೆಸುತ್ತು. ನಮ್ಮ ಜನ ಮೂರಕ್ಕೂ ಒಂದೇ ಮಾತು ಬಳಸುತ್ತಾರೆ. ಹಾಗಾಗಿ ಮೇಡಂ ಪದದ ಬೆನ್ನು ಹತ್ತದೆ, ಎಷ್ಟು ಹೊತ್ತು ಸುತ್ತಿತು, ಏನು ಮಾಡಿದಾಗ ಸುತ್ತಿತು ಎಂದು ಕೇಳಿಸುತ್ತಿದ್ದರು. ಮಗ್ಗುಲು ಬದಲಿಸಿದಾಗ ಕೆಲವು ಸೆಕೆಂಡು ಸುತ್ತಿದರೆ ಒಳಕಿವಿಯ ಹರಳು ಜಾರಿದ್ದು. 20 ನಿಮಿಷದಿಂದ ಕೆಲವು ಗಂಟೆ ಸುತ್ತಿ, ಜೊತೆಗೆ ಕಿವಿ ಗುಂಯ್‌ಗುಟ್ಟಿ ಮಂದವಾದರೆ ಮೆನಿಯೇರ್ ಎಂಬ ಒಳಕಿವಿಯ ಕಾಯಿಲೆ ಇರಬಹುದು. ದಿನಗಟ್ಟಲೆ ಬಿಡದೆ ಸುತ್ತಿದರೆ ಸಮತೋಲನ ನರದ ಉರಿಯೂತ, ಇಲ್ಲವೇ ಪಾರ್ಶ್ವವಾಯು. (ಮೈಗ್ರೇನ್‌ನಿಂದ ಬರುವ ಸುತ್ತು ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.)

ಹರಳಿನ ವಿಷಯದಲ್ಲಿ ಮೇಡಂ ಮಹಾ ಹಟಮಾರಿ. ಒಳಕಿವಿಯ ಯುಟ್ರಿಕಲ್ ಎಂಬ ಪುಟ್ಟ ಚೀಲದಲ್ಲಿ ಅಂಟಿಕೊಂಡಿರಬೇಕಾದ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳು ಕಳಚಿ ಅರ್ಧವೃತ್ತ ನಾಳಕ್ಕೆ, ಹೆಚ್ಚಾಗಿ ಹಿಂಬದಿಯ ನಾಳಕ್ಕೆ, ಬಿದ್ದಿರುತ್ತದೆ. ಪತ್ತೆಗೆ 1952ರಲ್ಲಿ ಬಂದ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಸಾಕು, ಸ್ಕ್ಯಾನ್‌ನಲ್ಲಿ ಅದು ಕಾಣುವುದೂ ಇಲ್ಲ. ರೋಗಿಯನ್ನು ಕೂರಿಸಿ, ತಲೆಯನ್ನು 45 ಡಿಗ್ರಿ ತಿರುಗಿಸಿ, ಸರಕ್ಕನೆ ಮಲಗಿಸಬೇಕು. ತಲೆ ಮಂಚದ ಅಂಚಿನಿಂದ ಸುಮಾರು 20 ಡಿಗ್ರಿ ಕೆಳಗೆ ಜೋತಿರಬೇಕು. ಮೊದಲ ಕೆಲವು ಸೆಕೆಂಡು ಏನೂ ಆಗುವುದಿಲ್ಲ. ಅವಸರದವರು ‘ಇಲ್ಲ’ ಎಂದು ಬರೆದು ಎಬ್ಬಿಸಿಬಿಡುವುದು ಇಲ್ಲೇ. ಆಮೇಲೆ ಕಣ್ಣುಗುಡ್ಡೆ ಮೇಲ್ಮುಖವಾಗಿ, ತಿರುಚಿಕೊಂಡು ಅದುರತೊಡಗುತ್ತದೆ, ನಿಮಿಷದೊಳಗೆ ನಿಲ್ಲುತ್ತದೆ. ರೋಗಿ ಹೆದರಿ ಕಣ್ಣು ಮುಚ್ಚಿದರೆ ಮಾಡಿದ್ದೆಲ್ಲ ವ್ಯರ್ಥ. ಅದಕ್ಕೇ ಮಲಗಿಸುವ ಮುಂಚೆಯೇ ‘ಸುತ್ತುತ್ತದೆ, ಕಣ್ಣು ಬಿಟ್ಟೇ ಇರಿ, ನಾವು ಹಿಡಿದಿದ್ದೇವೆ’ ಎಂದು ಹೇಳಬೇಕು.

ಅಲ್ಲಿಂದಲೇ, ಹರಳನ್ನು ಅದರ ಜಾಗಕ್ಕೆ ಮರಳಿಸುವ ಎಪ್ಲೆ ವಿಧಾನಕ್ಕೆ ಹೋಗುವುದು. ಅದುರು ನಿಂತ ಮೇಲೂ ಅರ್ಧ ನಿಮಿಷ ಕಾದು, ತಲೆಯನ್ನು ಇನ್ನೊಂದು ಬದಿಗೆ 90 ಡಿಗ್ರಿ ತಿರುಗಿಸಿ. ಮತ್ತೆ ಕಾದು, ಮೈಸಮೇತ ಮಗ್ಗುಲಾಗಿಸಿ ಮೂಗು ನೆಲ ನೋಡುವಂತೆ ಇನ್ನೂ 90 ಡಿಗ್ರಿ. ಕೊನೆಗೆ ಗಲ್ಲ ತಗ್ಗಿಸಿ ಕೂರಿಸಿ. ಕೆಡುವುದು ನಡುವಿನ ಹಂತದಲ್ಲಿ. ತಿರುಗಿಸುವಾಗ ತಲೆ ಮೇಲೆದ್ದರೆ ಹರಳು ಬಂದ ದಾರಿಯಲ್ಲೇ ವಾಪಸು. ಕೂತ ಕ್ಷಣ ಭುಜ ಬಿಟ್ಟರೆ ರೋಗಿ ಮುಗ್ಗರಿಸಬಹುದು. ಕಣ್ಣು ಅಡ್ಡಡ್ಡ ಹೊಡೆದುಕೊಂಡರೆ ಹರಳಿರುವುದು ಅಡ್ಡಲಾಗಿರುವ ನಾಳದಲ್ಲಿ; ಎಪ್ಲೆ ಅಲ್ಲಿಗೆ ಸಲ್ಲದು, ಮೈಯನ್ನು ಹಂತಹಂತವಾಗಿ ಉರುಳಿಸಬೇಕು.

ಕಿವಿಗುಗ್ಗೆ ತೊಳೆಯುವ ನೀರಿಗೆ ಥರ್ಮಾಮೀಟರ್ ಇಡಿಸಿದವರೂ ಮೇಡಂ. ನೀರು 37 ಡಿಗ್ರಿ ಇರಬೇಕು. ತಣ್ಣಗಾದರೂ ಬಿಸಿಯಾದರೂ ಒಳಕಿವಿಯ ದ್ರವ ಅಲುಗಿ ರೋಗಿ ಕುರ್ಚಿಯಲ್ಲೇ ಸುತ್ತಿ ವಾಂತಿಗೆ ಬರುತ್ತಾರೆ. ವಿಯೆನ್ನಾದ ಕಿವಿ ಚಿಕಿತ್ಸಾಲಯದಲ್ಲಿ ರಾಬರ್ಟ್ ಬಾರಾನಿ ಗಮನಿಸಿದ್ದು ಇದನ್ನೇ. ಆ ಕೆಲಸಕ್ಕೆ 1914ರ ನೊಬೆಲ್ ಘೋಷಣೆಯಾದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ. ಬಿಡುಗಡೆಯಾದ ಮೇಲೆ ಸ್ವೀಡನ್ನಿನ ಉಪ್ಸಾಲಾದಲ್ಲಿ ಪಾಠ ಹೇಳಿದರು. ತಂಪು-ಬಿಸಿ ನೀರು ಬಿಟ್ಟು, ಕಣ್ಣಿನ ಅದುರು ನೋಡಿ ಒಳಕಿವಿಯನ್ನು ಅಳೆಯುವ ಇಂದಿನ ಕ್ಯಾಲೋರಿಕ್ ಪರೀಕ್ಷೆ ಅದರ ಮುಂದುವರಿಕೆ: ಮಲಗಿಸಿ, ತಲೆ 30 ಡಿಗ್ರಿ ಎತ್ತಿ, ಎರಡೂ ಕಿವಿಗೆ ಸರದಿಯಲ್ಲಿ 30 ಮತ್ತು 44 ಡಿಗ್ರಿ ನೀರು, ನಡುವೆ 5 ನಿಮಿಷ ಬಿಡುವು. ಕಿವಿತಮಟೆ ತೂತಾಗಿದ್ದರೆ ನೀರು ಬೇಡವೇ ಬೇಡ. ರೋಗಿ ತೂಕಡಿಸಿದರೆ ಅದುರು ಕುಗ್ಗಿ, ಒಳ್ಳೆಯ ಕಿವಿಯೂ ಸೋತಂತೆ ಕಾಣುತ್ತದೆ. ಎಚ್ಚರವಾಗಿರಿಸಲು ಪುಸ್ತಕದವರು ಲೆಕ್ಕ ಕೊಡಿ ಎನ್ನುತ್ತಾರೆ. ಮೇಡಂ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯ ಊರುಗಳನ್ನು ಹೇಳಿಸುತ್ತಿದ್ದರು. ಬಿಡದಿ, ರಾಮನಗರ, ಚನ್ನಪಟ್ಟಣ ದಾಟಿ ಮದ್ದೂರಿಗೆ ಬರುವಷ್ಟರಲ್ಲಿ ಕಣ್ಣಿನ ಅದುರಿನ ಗ್ರಾಫ್ ಸಿಕ್ಕಿರುತ್ತಿತ್ತು.

ಬಿಡದೆ ಸುತ್ತುತ್ತಿರುವ ರೋಗಿಯ ತಲೆಯನ್ನು ಚಟಕ್ಕನೆ ತಿರುಗಿಸಿದಾಗ ಅವರ ದೃಷ್ಟಿ ನಿಮ್ಮ ಮೂಗಿನ ಮೇಲೆ ನೆಟ್ಟೇ ಉಳಿದರೆ, ಆಗಲೇ ಹೆದರಬೇಕು. ಕಿವಿ ಕೆಲಸ ಮಾಡುತ್ತಿದೆ, ತೊಂದರೆ ಮಿದುಳಿನಲ್ಲಿರಬಹುದು. ಮೊದಲ ದಿನದ ಸಿ.ಟಿ. ಸ್ಕ್ಯಾನ್ ಕಿರುಮೆದುಳಿನ ಪಾರ್ಶ್ವವಾಯುವನ್ನು ತೋರಿಸದೇ ಹೋಗಬಹುದು.

ರಾತ್ರೋರಾತ್ರಿ ಒಂದು ಕಿವಿ ಕೇಳದಾದರೆ ‘ನೆಗಡಿಯಿಂದ ಕಟ್ಟಿದೆ’ ಎಂದು ಹನಿ ಕೊಟ್ಟು ಕಳಿಸಬಾರದು. 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು ಹಣೆಯ ನಡುವೆ ಇಡಿ. ಸದ್ದು ಒಳ್ಳೆಯ ಕಿವಿಯತ್ತ ಹೋದರೆ ಅದು ನರದ ಕಿವುಡು. ಆಡಿಯೋಗ್ರಾಮ್ ಎಂಬ ಶ್ರವಣ ಪರೀಕ್ಷೆ, ಸ್ಟಿರಾಯ್ಡ್ ತಡವಾಗಬಾರದು. ಎರಡು ವಾರ ದಾಟಿದ ಮೇಲೆ ಬಂದವರಿಗೆ ಹೇಳಲು ಹೆಚ್ಚೇನೂ ಇರುವುದಿಲ್ಲ.

ಇನ್ನು ಗುಳಿಗೆ. ವಯಸ್ಸಾದವರ ಚೀಟಿಯಲ್ಲಿ ವರ್ಷಗಟ್ಟಲೆ ಉಳಿದ ಸಿನ್ನಾರಿಜಿನ್ ಎಂಬ ತಲೆಸುತ್ತಿನ ಮಾತ್ರೆಯಿಂದ ಕೈನಡುಕ, ನಿಧಾನದ ನಡಿಗೆ ಶುರುವಾದದ್ದನ್ನು ಗುರುತಿಸಿ, ಅದನ್ನು ಹೊಡೆದುಹಾಕಲು ಧೈರ್ಯ ಕೊಟ್ಟವರು ಮೇಡಂ. ನರದ ಉರಿಯೂತದಲ್ಲಿ ಸುತ್ತು ತಗ್ಗಿಸುವ ಮಾತ್ರೆ ಮೊದಲ 2-3 ದಿನಕ್ಕೆ ಸಾಕು. ಮುಂದುವರಿಸಿದರೆ ಮಿದುಳು ಹೊಸ ಸಮತೋಲನ ಕಲಿಯುವುದೇ ತಡವಾಗುತ್ತದೆ.

ಮೇಡಂ, ರೋಗಿಯ ತಲೆ ಜೋತುಬೀಳಲು ಜಾಗವಿರಲೆಂದು ಹೊರರೋಗಿ ಕೊಠಡಿಯ ಮಂಚದ ತಲೆಕಡೆ ಗೋಡೆಯಿಂದ ಎರಡಡಿ ಈಚೆಗೇ ಇರುತ್ತದೆ. ಗುಡಿಸಲು ಬಂದವರು ದಿನಾ ಒಳಕ್ಕೆ ತಳ್ಳುತ್ತಾರೆ. ಇನ್ನು ಮೇಲೆ ಅದನ್ನು ಎಳೆದಿಡುವ ಕೆಲಸ ನಮ್ಮದು.