ಮಂಗಳೂರಿಗೆ ಹೊರಟ ಮಗಳಿಗೆ

ಪುಟ್ಟೀ,

ಶುಕ್ರವಾರ ರಾತ್ರಿ ಬಸ್ಸಿಗೆ ಮಂಗಳೂರಿಗೆ ಹೊರಡುತ್ತೀಯ ಎಂದು ನಿಮ್ಮಮ್ಮ ಹೇಳಿದಳು. ಅಲ್ಲಿನ ಹಳೇ ಬಾರುಗಳು, ಕಳ್ಳಿನ ಗಡಂಗುಗಳ ಬಗ್ಗೆ ಬರೆಯುತ್ತೀಯಂತೆ. ನನಗೆ ಯಾಕೆ ನೀನೇ ಹೇಳಲಿಲ್ಲ ಅಂತ ಗೊತ್ತು. ಆ ಜಗಳ ಈಗ ಬೇಡ. ಫೋನಿನಲ್ಲಿ ಮಾತಾಡಿದರೆ ಇಬ್ಬರ ದನಿಯೂ ಏರುತ್ತದೆ, ಅದಕ್ಕೇ ಈ ಪತ್ರ.

ಮೊದಲು ಸಂತೋಷದ ಮಾತು. ನೀನು ಮತ್ತೆ ಬರೆಯೋಕೆ ಶುರು ಮಾಡಿದ್ದು ನನಗೆ ತುಂಬಾ ಖುಷಿ. 2011ರ ಸುಮಾರಿಗೆ ಬೆಂಗಳೂರಿನ ವಿಠಲ ಮಲ್ಯ ರಸ್ತೆಯಲ್ಲಿ, ಇಂದಿರಾನಗರದಲ್ಲಿ, ಅಲ್ಲೇ ಬಿಯರ್ ಮಾಡಿ ಅಲ್ಲೇ ಕೊಡುವ ಪಬ್‌ಗಳು ಬಂದವಲ್ಲ, ಆಗ ಎಷ್ಟು ಹುರುಪಿನಿಂದ ಬರೆಯುತ್ತಿದ್ದೆ! ಆಮೇಲೆ ಯಾವ ಬಿಯರಿಗೆ ಎಷ್ಟು ಸ್ಟಾರು, ಎಲ್ಲಿ ಎಷ್ಟು ಡಿಸ್ಕೌಂಟು ಅನ್ನೋದನ್ನೇ ಎಲ್ಲರೂ ಕೇಳತೊಡಗಿದರು. ನಿನಗೆ ಬೇಜಾರಾಗಿ ಬಿಟ್ಟುಬಿಟ್ಟೆ.

ಮೊನ್ನೆ ಅಲ್ಲಿನ ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಪಬ್ಬಿನ ಬಗ್ಗೆ ಬರೆದೆಯಲ್ಲ, ಅದನ್ನು ಮತ್ತೆ ಮತ್ತೆ ಓದಿದೆ. 1989ರಿಂದ ಇರುವ ಜಾಗ. ನೀನು ಬಿಯರಿನ ರುಚಿಯ ಬಗ್ಗೆ ಬರೆದದ್ದು ಕಡಿಮೆ. ಮಧ್ಯಾಹ್ನ ಒಬ್ಬರೇ ಬಂದು ಕೂರುವ ವಯಸ್ಸಾದವರು, ಬಿಯರ್ ತುಂಬಿದ ಪೀಪಾಯಿ, ಅದೇ ಕೆಗ್, ಹೊತ್ತು ಮೆಟ್ಟಿಲು ಹತ್ತುವ ಹುಡುಗರು, ಇವರೇ ಜಾಸ್ತಿ. ನನ್ನ ಸರ್ವಿಸ್ ಪೂರ್ತಿ ಬಿಯರ್ ಮಾಡುವ ಬ್ರೂವರಿಯಲ್ಲೇ ಹೋಯಿತು. ಲಾರಿ ಗೇಟು ದಾಟಿದರೆ ನಮ್ಮ ಕೆಲಸ ಮುಗಿಯಿತು. ಆ ಕೆಗ್ಗು ಯಾರ ಮುಂದೆ ಹೋಗಿ ಖಾಲಿಯಾಗುತ್ತದೆ ಅನ್ನೋದನ್ನು ನನಗೆ ತೋರಿಸಿದ್ದು ನೀನು. ಹೆಮ್ಮೆಯಾಯಿತು ಕಣೇ.

ಇನ್ನು ಮಂಗಳೂರು. 2009ರ ಜನವರಿ 24, ಶನಿವಾರ. ಗುಂಪೊಂದು ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದದ್ದನ್ನು ಟೀವಿಯವರು ತೋರಿಸಿದ್ದೇ ತೋರಿಸಿದ್ದು. ನೀನು ಅದೇ ಊರಿನ ಹಾಸ್ಟೆಲಿನಲ್ಲಿ. ಫೋನು ಹತ್ತುತ್ತಿಲ್ಲ. ಒಬ್ಬಳು ಹುಡುಗಿ ಓಡಿಬಂದು ಬೀಳುತ್ತಾಳೆ. ಅದು ಬಂದಾಗೆಲ್ಲ ನಾನು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದೆ. ಹಾಸ್ಟೆಲಿಗೆ ಬಿಡಲು ಬಂದಾಗ ಹಂಪನಕಟ್ಟೆಯಲ್ಲಿ ನಾನೇ ಕೊಡಿಸಿದ ಚಪ್ಪಲಿ ನಿನ್ನದು, ಅದರ ಪಟ್ಟಿ ನನಗೆ ಗೊತ್ತಿತ್ತು. ಚಿತ್ರ ಅಲುಗಾಡುತ್ತದೆ, ಸರಿಯಾಗಿ ಕಾಣುವುದಿಲ್ಲ. ಮತ್ತೆ ತೋರಿಸಲಿ ಅಂತ ಕಾಯುತ್ತಿದ್ದೆ. ಅಷ್ಟು ಹಿಂಸೆಯನ್ನು ಮತ್ತೆ ತೋರಿಸಲಿ ಅಂತ ಕಾಯುವುದು ಎಂಥದ್ದು ಅಂತ ನಿನಗೆ ಹೇಗೆ ಹೇಳಲಿ? ಕೊನೆಗೆ ಫೋನ್ ಎತ್ತಿ "ಊಟಕ್ಕೆ ಹೋಗಿದ್ದೆ ಅಪ್ಪಾ" ಅಂದೆ. ಸಮಾಧಾನವಾಯಿತು. ಆದರೆ ಬಿದ್ದ ಹುಡುಗಿ ಯಾರದ್ದೋ ಮಗಳೇ ಅಲ್ವಾ? ಆ ಸಮಾಧಾನ ಇವತ್ತಿಗೂ ಚುಚ್ಚುತ್ತದೆ. 2018ರಲ್ಲಿ ಸಾಕ್ಷಿ ಸಾಲದೆಂದು ಕೋರ್ಟು ಆರೋಪಿಗಳನ್ನು ಬಿಟ್ಟಿತು. ದೇಶಕ್ಕೆ ದೇಶವೇ ನೋಡಿದ್ದಕ್ಕೆ ಸಾಕ್ಷಿ ಸಾಲಲಿಲ್ಲ! ಪೇಪರ್ ಹಿಡಿದುಕೊಂಡು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಹೋಗಬೇಡ ಅನ್ನುತ್ತಿಲ್ಲ. ಹೋಗು. ಆದರೆ ಆ ದಿನವನ್ನು ಬಿಟ್ಟು ಬರೆಯಬೇಡ. ಬರೀ ಮೀನು, ಬರೀ ಸಮುದ್ರ, ಬರೀ ತಣ್ಣನೆ ಬಿಯರ್ ಅಂತ ಬರೆದರೆ ಆ ಹುಡುಗಿಯರನ್ನು ಮರೆತ ಹಾಗೆ. ಹೆಂಗಸರಿಗೂ ಬಿಯರಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ ನಿಂಕಾಸಿಯ ಹೆಸರು ಹೇಳು. ಈಗಿನ ಇರಾಕಿನಲ್ಲಿ ಹಿಂದೆ ಇದ್ದ ಸುಮೇರಿಯನ್ನರ ಬಿಯರ್ ದೇವತೆ ಅವಳು. ಸುಮಾರು 3,800 ವರ್ಷದ ಹಿಂದೆ ಜೇಡಿಮಣ್ಣಿನ ಹಲಗೆಯ ಮೇಲೆ ಬರೆದ ಅವಳ ಸ್ತೋತ್ರದಲ್ಲಿ ಬಿಯರ್ ಮಾಡುವ ಬಗೆಯೇ ಇದೆ.

ಇನ್ನೂ ಒಂದಷ್ಟು ಹೇಳಿಬಿಡುತ್ತೇನೆ. ಗ್ಲಾಸು ನೋಡು, ಜಿಡ್ಡಿದ್ದರೆ ನೊರೆ ನಿಲ್ಲುವುದಿಲ್ಲ. ಬಿಯರ್ ಬರುವ ಪೈಪನ್ನು ಯಾವಾಗ ತೊಳೆದರು ಅಂತ ಕೇಳು. ಮಾಲೀಕರು ಬಿಟ್ಟಿ ಕೊಟ್ಟರೆ ಕುಡಿಯಬೇಡ, ದುಡ್ಡು ಕೊಟ್ಟೇ ಕುಡಿ. ಟಿಪ್ಪಣಿ ಮಾಡಿಕೊಳ್ಳುವುದು ಮೊದಲ ಗ್ಲಾಸಿಗಿಂತ ಮುಂಚೆ. 2007ರಲ್ಲಿ ಸಾರಾಯಿ ನಿಂತ ಮೇಲೆ ಕೂಲಿ ಮಾಡುವವರು ಏನು ಕುಡಿಯುತ್ತಿದ್ದಾರೆ, ಎಲ್ಲಿ ನಿಂತು ಕುಡಿಯುತ್ತಾರೆ, ಅದನ್ನೂ ಕೇಳು. ಅವರ ಮನೆಯವರನ್ನೂ ಮಾತಾಡಿಸು. ಕುಡಿತ ಒಂದು ಮನೆಯನ್ನು ಏನು ಮಾಡುತ್ತದೆ ಅನ್ನೋದು ನಮ್ಮ ನೆಂಟರಲ್ಲೇ ಇದೆ, ಹೆಸರು ಬರೆಯುವುದಿಲ್ಲ. ಅದು ಗೊತ್ತಿದ್ದೂ ಬಾರಿನ ಖುಷಿಯನ್ನು ಬರೆಯುವುದು ಕಷ್ಟ. ನಿನ್ನ ಕೈಯಲ್ಲಿ ಆಗುತ್ತದೆ ಅಂತ ನನ್ನ ನಂಬಿಕೆ. ರಾತ್ರಿ ಒಬ್ಬಳೇ ನಡೆದು ಬರಬೇಡ. ಕಂಕನಾಡಿಯಲ್ಲಿ ಚಿಕ್ಕಮ್ಮನ ಮನೆ ಇರುವಾಗ ಲಾಡ್ಜು ಯಾಕೆ?

ಪಾಠ ಜಾಸ್ತಿಯಾದರೆ ಕ್ಷಮಿಸು.

ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ನನಗೆ ಕಳಿಸು. ಪೆಕೋಸ್ ಲೇಖನದಲ್ಲಿ ಏಲ್, ಲಾಗರ್ ಎರಡೂ ಬಗೆಯ ಬಿಯರ್ ಹುದುಗೋಕೆ ಒಂದೇ ಉಷ್ಣತೆ ಅಂತ ಬರೆದಿದ್ದೀಯ. ಹಾಗಲ್ಲ. ಲಾಗರ್ ಯೀಸ್ಟಿಗೆ 10 ಡಿಗ್ರಿ ಆಸುಪಾಸು ಸಾಕು, ಏಲ್‌ಗೆ 20ರ ಹತ್ತಿರ ಬೇಕು. ಅದನ್ನು ಮೊದಲು ತಿದ್ದು.

ನಿನ್ನ ಅಪ್ಪ