ಆ 14 ತಿಂಗಳು

ಬದಿಯಡ್ಕ,
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

‘ಸುಳ್ಳು ಬರೆಯಲು ನಿನ್ನನ್ನು ಓದಿಸಿದ್ದಾ’ ಎಂದು ಮಧ್ಯಾಹ್ನ ಫೋನಿನಲ್ಲಿ ಕೇಳಬಾರದಿತ್ತು. ಈ ತಿಂಗಳ ಕೊನೆಗೆ ಕೆಲಸ ಹೋಗುತ್ತದೆಂಬ ಚಿಂತೆಯಲ್ಲಿದ್ದವಳಿಗೆ ಹಾಗೆ ಹೇಳಿದ್ದು ನನ್ನ ತಪ್ಪು. ಅಮ್ಮ ಆಗಿನಿಂದ ನನ್ನೊಡನೆ ಮಾತಾಡಿಲ್ಲ. ಆದರೆ ನೀನು ನೋಡಲು ಕಳಿಸಿದ ಸಿ.ವಿ.ಯಲ್ಲಿ ಊರಿನಲ್ಲಿ ನಮ್ಮ ಅಂಗಡಿ ನೋಡಿಕೊಂಡ 14 ತಿಂಗಳನ್ನೂ ಮಂಗಳೂರಿನ ಕೆಲಸಕ್ಕೇ ಸೇರಿಸಿ ಬರೆದದ್ದು ಕಂಡು ತಡೆಯಲಿಲ್ಲ.

ನಾನು ಬಿದ್ದದ್ದು, ಆಸ್ಪತ್ರೆ, ಅದೆಲ್ಲ ನಿನಗೂ ಗೊತ್ತುಂಟು, ಬಿಡು. ನನಗೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು ಒಂದೇ ರಾತ್ರಿ. 20ನೇ ತಾರೀಕು. ಹೊರಗೆ ಜಡಿಮಳೆ, ಕರೆಂಟು ಹೋಗುವುದು ಬರುವುದು. ಮಿಲ್ಲಿನವರ ಜಿಎಸ್‌ಟಿ ತೆರಿಗೆಯ ತಿಂಗಳ ಲೆಕ್ಕ, ಆ 3ಬಿ ರಿಟರ್ನ್, ಅಂದೇ ಹೋಗಬೇಕು. ನಾನು ಒಳಗೆ ಮಂಚದಲ್ಲಿ, ನೀನು ಚಾವಡಿಯಲ್ಲಿ. ಕೀಬೋರ್ಡಿನ ಸದ್ದು ನಿಂತಾಗೆಲ್ಲ ನನಗೆ ಉಸಿರು ಕಟ್ಟಿದ ಹಾಗೆ. ಮತ್ತೆ ಶುರುವಾದರೆ ಸಮಾಧಾನ. ಹನ್ನೆರಡಕ್ಕೆ ಸ್ವಲ್ಪ ಮೊದಲು ‘ಆಯ್ತಪ್ಪಾ’ ಎಂದು ನೀನು ಕೂಗಿದ ಸ್ವರ ಈಗಲೂ ಕೇಳುತ್ತದೆ. ಬೆಳಗ್ಗೆ ಅಂಗಡಿಯ ಶಟರ್ ಎತ್ತಿದವಳೂ ನೀನೇ.

ಆ ರಾತ್ರಿಯನ್ನೇ ನೀನು ಅಳಿಸಿಬಿಟ್ಟಿದ್ದೀ. ಅಪ್ಪನ ಟೈಪಿಂಗ್ ಅಂಗಡಿಯಲ್ಲಿ ಕೂತೆನೆಂದು ಹೇಳಲು ನಾಚಿಕೆಯಾ ಮಗಾ ಎಂದು ಕೇಳಬೇಕೆನಿಸಿತು. ಆದರೆ ನಿನ್ನ ಕೆಲಸ ಬಿಡಿಸಿ ಊರಿಗೆ ಕರೆಸಿದವನು ನಾನೇ. ಸಿ.ವಿ.ಯಲ್ಲಿ ಆ ತಿಂಗಳುಗಳು ಖಾಲಿ ಬಿದ್ದದ್ದು ನನ್ನಿಂದ. ಅದಕ್ಕೇ ಸ್ವರ ಅಷ್ಟು ಏರಿತೋ ಏನೋ.

ಹೆದರಿಕೆಯೂ ಉಂಟು. ಪಿಎಫ್ ದಾಖಲೆಯಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತವೆ. ಕಂಪೆನಿ ಬದಲಾದರೂ ಪಿಎಫ್‌ನ ಯುಎಎನ್ ನಂಬರು ಒಂದೇ. ಆಫರ್ ಕೊಟ್ಟ ಮೇಲೂ ತಾಳೆ ನೋಡುವವರಿದ್ದಾರೆ. ಆಗ ಸಿಕ್ಕಿಬಿದ್ದರೆ ನೀನು ನಿಜವಾಗಿ ಮಾಡಿದ ಕೆಲಸವನ್ನೂ ನಂಬಲಾರರು.

ಆ ಖಾಲಿ ಜಾಗದಲ್ಲಿ ಇಷ್ಟು ಬರೆ: ‘ಬದಿಯಡ್ಕ, ಮನೆಯವರ ಡಿಟಿಪಿ ಅಂಗಡಿ, 14 ತಿಂಗಳು. ಆರು ವ್ಯಾಪಾರಿಗಳ ಟ್ಯಾಲಿ ಲೆಕ್ಕ. ಪ್ರತಿ ತಿಂಗಳು 11ರ ಒಳಗೆ ಜಿಎಸ್‌ಟಿಆರ್-1, 20ರ ಒಳಗೆ 3ಬಿ. ಒಂದೂ ತಡವಾಗಿಲ್ಲ.’ ‘ಶ್ರಮಜೀವಿ, ಹೊಸತು ಕಲಿಯುವ ಆಸಕ್ತಿಯುಳ್ಳವಳು’ ಎಂದು ನೀನು ಮೇಲೆ ಹಾಕಿದ ನಾಲ್ಕು ಸಾಲಿಗಿಂತ ಇದಕ್ಕೆ ತೂಕ ಹೆಚ್ಚು. ಆ ಸಾಲುಗಳನ್ನು 22 ವರ್ಷದಿಂದ ಊರವರ ಬಯೋಡೇಟಾಗಳಲ್ಲಿ ನಾನೇ ಟೈಪ್ ಮಾಡುತ್ತಾ ಬಂದಿದ್ದೇನೆ, ಹೆಸರು ಮಾತ್ರ ಬೇರೆ. ಅಪ್ಪನ ಹೆಸರು, ಧರ್ಮ, ಮದುವೆಯಾಗಿದೆಯೋ ಇಲ್ಲವೋ, ಇವೆಲ್ಲ ಖಾಸಗಿ ಕಂಪೆನಿಯ ಅರ್ಜಿಗೆ ಬೇಡ, ತೆಗೆ. ಒಂದೇ ಪುಟ ಸಾಕು; ಈಗಿನ ಕೆಲಸ ಮೇಲೆ, ಹಳೆಯದು ಕೆಳಗೆ. ಬಣ್ಣದ ಪಟ್ಟಿ, ಟೇಬಲ್ಲು ಬೇಡ. ಎಷ್ಟೋ ಕಡೆ ಮೊದಲು ಓದುವುದು ಸಾಫ್ಟ್‌ವೇರ್, ಟೇಬಲ್ಲಿನೊಳಗಿನ ಅಕ್ಷರ ಅದಕ್ಕೆ ಸರಿಯಾಗಿ ಸಿಗದೆ ಹೋಗುವುದುಂಟು. ಜಾಹೀರಾತಿನಲ್ಲಿ ಕೇಳಿದ ಕೆಲಸ ನೀನು ಮಾಡಿದ್ದರೆ ಅವರ ಪದದಲ್ಲೇ ಬರೆ. ಪ್ರತಿ ಕಂಪೆನಿಗೂ ಹೀಗೆ ಕೂತು ತಿದ್ದಬೇಕು, ಒಂದೇ ಪ್ರತಿಯನ್ನು ಐವತ್ತು ಕಡೆ ಕಳಿಸಿದರೆ ಪ್ರಯೋಜನವಿಲ್ಲ.

ಮತ್ತೆ, ಭಾಷೆಗಳು ‘ಇಂಗ್ಲಿಷ್, ಹಿಂದಿ’ ಅಷ್ಟೇ ಎಂತಕ್ಕೆ? ಕನ್ನಡ, ಮಲಯಾಳ, ತುಳು ಎಲ್ಲಿ ಹೋದವು? ಕಾಸರಗೋಡು ಸಪ್ತಭಾಷೆಯ ನಾಡೆಂದು ವೇದಿಕೆಯಲ್ಲಿ ಹೊಗಳುತ್ತಾರೆ. ನೀನು ಅದನ್ನು ಕೌಂಟರಿನಲ್ಲಿ ಕೂತು ದುಡಿದು ತೋರಿಸಿದವಳು. ಮಲಯಾಳದ ಕಾಗದ ಹಿಡಿದು ಬಂದ ಅಜ್ಜಂದಿರಿಗೆ ಕನ್ನಡದಲ್ಲಿ ಓದಿ ಹೇಳಿ, ಉತ್ತರ ಟೈಪ್ ಮಾಡಿ ಕೊಡುತ್ತಿದ್ದದ್ದನ್ನು ಕೋಲೂರಿ ಅಂಗಡಿಗೆ ಬರತೊಡಗಿದ ಮೇಲೆ ನಾನೇ ಕಂಡಿದ್ದೇನೆ. ಆಗ ಹೇಳಲಿಲ್ಲ, ಎದೆ ತುಂಬಿ ಬಂದಿತ್ತು.

ಬುದ್ಧಿ ಹೇಳುವುದು ಬೇಡವೆಂದೇ ಬರೆಯಲು ಕೂತದ್ದು. ಸಿಟ್ಟು ಮಾಡಬೇಡ.

ಆ ತಿಂಗಳುಗಳ ಲೆಕ್ಕದ ಪುಸ್ತಕ ಕಪಾಟಿನಲ್ಲಿ ಉಂಟು, ನಿನ್ನ ಅಕ್ಷರದಲ್ಲೇ. ವ್ಯಾಪಾರಿಗಳು ಆರೋ ಏಳೋ ಎಂದು ನಾಳೆ ಬೆಳಗ್ಗೆ ತೆಗೆದು ನೋಡಿ ಫೋನ್ ಮಾಡುತ್ತೇನೆ. ಎತ್ತು ಮಗಾ.

ನಿನ್ನ,
ಅಪ್ಪ