ಶೇ 85ರ ಸೇತುವೆಯ ಪೂರ್ತಿ ಲೆಕ್ಕ

ಮಾನ್ಯ ಸಂಪಾದಕರೇ,

ಯುರೋಪಿನ ಹಿಂದುಳಿದ ಪ್ರದೇಶಗಳಲ್ಲಿ ಕಟ್ಟಿದ ಸೇತುವೆ, ಸುರಂಗ, ವಿಮಾನ ನಿಲ್ದಾಣಗಳ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ‘ಯುರೋಪ್ ಒಕ್ಕೂಟ ಇಷ್ಟು ಕೋಟಿ ಯೂರೊ ಕೊಟ್ಟಿತು’ ಎಂಬ ಒಂದೇ ಸಾಲಿಗೆ ಹಣದ ವಿಚಾರ ಮುಗಿದುಹೋಗುತ್ತದೆ. ಒಕ್ಕೂಟ ಮೊದಲೇ ಕೊಡುವ ಮುಂಗಡ ತೀರಾ ಸಣ್ಣದು. ಉಳಿದದ್ದೆಲ್ಲ ಮರುಪಾವತಿ. ಕಾಮಗಾರಿ ನಡೆಸಿ, ಗುತ್ತಿಗೆದಾರರಿಗೆ ಹಣ ಕೊಟ್ಟು, ದಾಖಲೆ ಒಪ್ಪಿಸಿದ ಮೇಲೆ ಅದರಲ್ಲೊಂದು ಪಾಲು ಹಿಂದಿರುಗುತ್ತದೆ. ಆ ಪಾಲು ಎಷ್ಟು, ಯಾವುದರ ಮೇಲೆ, ಯಾವ ಗಡುವಿನೊಳಗೆ ಎಂಬುದರಲ್ಲೇ ಯೋಜನೆಯ ಹಣೆಬರಹ ಇರುತ್ತದೆ.

ಕ್ರೊಯೇಷಿಯಾದ ದಕ್ಷಿಣ ತುದಿಯ ದುಬ್ರೋವ್ನಿಕ್–ನೆರೆತ್ವಾ ಜಿಲ್ಲೆಯ ಪೆಲ್ಯೆಶಾಟ್ಸ್ ಸೇತುವೆಯನ್ನೇ ನೋಡಿ. ಬೋಸ್ನಿಯಾದ ಕಡಲಂಚಿನ ಊರು ನೆಯುಮ್ ನಡುವೆ ಬರುವುದರಿಂದ ಈ ಜಿಲ್ಲೆ ಎರಡು ತುಂಡಾಗಿದೆ. ತಮ್ಮದೇ ದೇಶದ ಇನ್ನೊಂದು ಭಾಗಕ್ಕೆ ಹೋಗಲು ಜನ ಎರಡು ಗಡಿ ತಪಾಸಣೆ ದಾಟಬೇಕಿತ್ತು. ಇದನ್ನು ತಪ್ಪಿಸಲು ಕ್ರೊಯೇಷಿಯಾ 2007ರಲ್ಲಿ ಸ್ವಂತ ಹಣದಲ್ಲೇ ಸೇತುವೆಗೆ ಗುತ್ತಿಗೆ ಕೊಟ್ಟಿತ್ತು. ಹಣ ಸಾಲದೆ 2012ರಲ್ಲಿ ಅದು ರದ್ದಾಯಿತು. 2013ರ ಜುಲೈನಲ್ಲಿ ದೇಶ ಒಕ್ಕೂಟ ಸೇರಿದ ಮೇಲೆ ಹೊಸ ವಿನ್ಯಾಸದೊಂದಿಗೆ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು. ದೋಣಿ ಸೇವೆ, ಬೋಸ್ನಿಯಾ ಮೂಲಕ ಹೆದ್ದಾರಿ, ಸುರಂಗ, ಸೇತುವೆ ಇವನ್ನು ಕಾರ್ಯಸಾಧ್ಯತಾ ವರದಿಯಲ್ಲಿ ಹೋಲಿಸಿ ನೋಡಿದ ನಂತರವೇ ಸೇತುವೆ ಗೆದ್ದದ್ದು. 2017ರಲ್ಲಿ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗ 35.7 ಕೋಟಿ ಯೂರೊ ಮಂಜೂರು ಮಾಡಿತು. ಸುದ್ದಿಯಲ್ಲಿ ಬಂದ ‘ಶೇ 85’ ಇದೇ.

ಈ ಶೇ 85 ‘ಅರ್ಹ ವೆಚ್ಚ’ದ, ಅಂದರೆ ಮರುಪಾವತಿಗೆ ಒಕ್ಕೂಟದ ನಿಯಮ ಒಪ್ಪುವ ಖರ್ಚಿನ ಮೇಲಿನ ಲೆಕ್ಕ; ಇಲ್ಲಿ ಅದು ಸುಮಾರು 42 ಕೋಟಿ ಯೂರೊ. ಸಾಲದ ಬಡ್ಡಿ ಅರ್ಹ ವೆಚ್ಚದಲ್ಲಿ ಸೇರುವುದಿಲ್ಲ. ಮರಳಿ ಪಡೆಯಬಹುದಾದ ವ್ಯಾಟ್ ಸೇರುವುದಿಲ್ಲ. ಭೂಮಿ ಖರೀದಿಗೆ ಸಾಮಾನ್ಯವಾಗಿ ಅರ್ಹ ವೆಚ್ಚದ ಶೇ 10ರ ಮಿತಿ. ಸುಂಕದ ರಸ್ತೆಯಾಗಿದ್ದರೆ ಮುಂದೆ ಬರುವ ನಿವ್ವಳ ಆದಾಯವನ್ನೂ ಒಕ್ಕೂಟದ 2014–20ರ ಬಜೆಟ್ ಅವಧಿಯ ನಿಯಮದಂತೆ ಕಳೆಯಬೇಕಿತ್ತು. ಈ ಸೇತುವೆಗೆ ಸುಂಕವಿಲ್ಲ, ಹಾಗಾಗಿ ಆ ಕಡಿತವೂ ಇಲ್ಲ. ಆದರೆ ನಿರ್ವಹಣೆಯ ಖರ್ಚಿಗೆ ಬೇರೆ ಮೂಲ ಹುಡುಕಬೇಕು.

ಇನ್ನು ಗಡುವು. 2014–20ರ ಅವಧಿಯ ಹಣದಲ್ಲಿ ಕಟ್ಟುವ ಯಾವುದೇ ಕಾಮಗಾರಿಯ ಬಿಲ್ 2023ರ ಡಿಸೆಂಬರ್ 31ರೊಳಗೆ ಪಾವತಿಯಾಗಿರಬೇಕಿತ್ತು. ಪೆಲ್ಯೆಶಾಟ್ಸ್‌ನಲ್ಲಿ 2018ರಲ್ಲಿ ಕೆಲಸ ಆರಂಭವಾಗಿ, 2022ರ ಜುಲೈ 26ರಂದು ಸೇತುವೆ ತೆರೆಯಿತು. ಸ್ಟೋನ್ ಊರನ್ನು ಬಳಸಿ ಹೋಗುವ ಕೂಡುರಸ್ತೆ ಮುಗಿದದ್ದು 2023ರಲ್ಲಿ. ರಿಬ್ಬನ್ ಕತ್ತರಿಸಿದ ಚಿತ್ರವನ್ನಷ್ಟೇ ನೋಡಿದವರಿಗೆ ಈ ಅಂತರ ಎಷ್ಟು ಕಿರಿದಾಗಿತ್ತೆಂದು ತಿಳಿಯದು. ಸೇತುವೆಗೆ ಒಂದು, ರಸ್ತೆಗಳಿಗೆ ಬೇರೆ ಗುತ್ತಿಗೆ ಇದ್ದಾಗ ಹಿಂದೆ ಬೀಳುವುದು ಹೆಚ್ಚಾಗಿ ರಸ್ತೆಯೇ. ಗಡುವು ದಾಟಿದ ಮೇಲೆ ಕೊಟ್ಟ ಬಿಲ್ಲು ಎಷ್ಟೇ ನ್ಯಾಯವಾದುದಾದರೂ ಆ ದೇಶದ ಬೊಕ್ಕಸಕ್ಕೇ ಬೀಳುತ್ತದೆ.

ಹೆಚ್ಚು ಹಣ ಸೋರುವುದು ಮಾತ್ರ ಟೆಂಡರಿನಲ್ಲಿ. ಕಳ್ಳತನವೇ ಆಗಬೇಕೆಂದಿಲ್ಲ, ವಿಧಾನದ ತಪ್ಪು ಸಾಕು. ಮುಕ್ತ ಟೆಂಡರಿಗೆ ಕನಿಷ್ಠ 35 ದಿನ, ವಿದ್ಯುನ್ಮಾನ ಸಲ್ಲಿಕೆಯಿದ್ದರೆ 30 ದಿನ ಕೊಡಬೇಕು. ಅದನ್ನು ಮೊಟಕು ಮಾಡಿದರೆ, ಟೆಂಡರ್ ನಿಯಮ ಅನ್ವಯವಾಗುವ ಮೊತ್ತದ ಮಿತಿ ತಪ್ಪಿಸಲು ಕಾಮಗಾರಿಯನ್ನು ಚೂರು ಮಾಡಿದರೆ, ಸ್ಥಳೀಯ ಅನುಭವ ಇರಲೇಬೇಕೆಂದು ಷರತ್ತು ಹಾಕಿದರೆ ಲೆಕ್ಕಪರಿಶೋಧಕರು ಆ ಗುತ್ತಿಗೆಯ ಅರ್ಹ ವೆಚ್ಚದಲ್ಲಿ ತಪ್ಪಿನ ತೂಕ ನೋಡಿ ಶೇ 5, 10, 25 ಅಥವಾ ಪೂರ್ತಿ 100 ಕತ್ತರಿಸುತ್ತಾರೆ. ಹತ್ತು ಕೋಟಿಯ ಗುತ್ತಿಗೆಗೆ ಶೇ 25 ಕಡಿತವೆಂದರೆ, ಶೇ 85ರ ಲೆಕ್ಕದಲ್ಲಿ 2.125 ಕೋಟಿ ಯೂರೊ ಹೋಯಿತು.

ಅಡಿಪಾಯದ ಕೆಲಸ ಇದಕ್ಕಿಂತ ನಾಜೂಕು. ಪೆಲ್ಯೆಶಾಟ್ಸ್ ಸೇತುವೆಯ ಉದ್ದ 2,404 ಮೀಟರ್. ನಡುವೆ ಕಂಬದಿಂದ ಕಂಬಕ್ಕೆ 285 ಮೀಟರಿನ ಐದು ಅಂಕಣಗಳಿವೆ. ಹಡಗುಗಳು ಹಾಯಲು 55 ಮೀಟರ್ ಎತ್ತರ ಬಿಡಲಾಗಿದೆ. ಕೆಳಗೆ ಗಟ್ಟಿ ಬಂಡೆ ಕೈಗೆ ಸಿಗುವುದಿಲ್ಲ, ಮೆದು ಜೇಡಿಯೇ ಆಳದವರೆಗೆ. ಅದಕ್ಕೇ ನೂರು ಮೀಟರಿಗೂ ಉದ್ದದ ಉಕ್ಕಿನ ಕೊಳವೆ ಕಂಬಗಳನ್ನು ಬಡಿದು ಇಳಿಸಬೇಕಾಯಿತು. ಸಾಲದ್ದಕ್ಕೆ ಭೂಕಂಪದ ವಲಯ. ಇಂಥ ಕಡೆ ಮಣ್ಣು ಪರೀಕ್ಷೆಯಲ್ಲಿ ಉಳಿಸಿದ ಹಣ ಮುಂದೆ ಹತ್ತು ಪಟ್ಟಾಗಿ ಹೋಗಬಹುದು. ಮೊದಲೇ ಊಹಿಸಲಾಗದ ಕಾರಣಕ್ಕೆ ಮೂಲ ಗುತ್ತಿಗೆಯ ಶೇ 50ರ ತನಕ ಬದಲಾವಣೆಗೆ ಒಕ್ಕೂಟದ ಖರೀದಿ ಕಾನೂನು ಅವಕಾಶ ಕೊಡುತ್ತದೆ, ನಿಜ. ಆದರೆ ಕೊಳವೆ ಕೊರೆದು ನೋಡಿದ್ದರೆ ಗೊತ್ತಾಗುತ್ತಿದ್ದ ಜೇಡಿಯನ್ನು ‘ಊಹಿಸಲಾಗದ್ದು’ ಎಂದು ಯಾವ ಪರಿಶೋಧಕರೂ ಒಪ್ಪುವುದಿಲ್ಲ.

ಸೇತುವೆಯ ಕೆಲಸ ಚೀನಾದ ಕಂಪನಿಗೆ 208 ಕೋಟಿ ಕುನಾಗೆ (ಕ್ರೊಯೇಷಿಯಾದ ಆಗಿನ ನಾಣ್ಯ) ಹೋದಾಗ ಕೂಗು ಎದ್ದಿತ್ತು. ಸೋತ ಕಂಪನಿಗಳು ಸಲ್ಲಿಸಿದ್ದ ದೂರುಗಳನ್ನು ಕ್ರೊಯೇಷಿಯಾದ ಮೇಲ್ಮನವಿ ಸಂಸ್ಥೆ ತಳ್ಳಿಹಾಕಿತು. ನನ್ನ ಅಭಿಪ್ರಾಯದಲ್ಲಿ ಆ ಗದ್ದಲಕ್ಕಿಂತ, ಕಟ್ಟಿದ್ದನ್ನು ಯಾರು ಬಳಸುತ್ತಾರೆ ಎಂಬ ಪ್ರಶ್ನೆ ದೊಡ್ಡದು. ಗ್ರೀಸಿನ ಕಸ್ತೋರಿಯಾ ವಿಮಾನ ನಿಲ್ದಾಣ ಇದಕ್ಕೆ ಪಾಠ. 2005ರಿಂದ 2012ರವರೆಗೆ ಅದರ ಆದಾಯ 1.76 ಲಕ್ಷ ಯೂರೊ, ತೆರೆದಿಡಲು ಆದ ಖರ್ಚು 77 ಲಕ್ಷ. ಒಕ್ಕೂಟದ ಖರ್ಚುವೆಚ್ಚ ಪರಿಶೀಲಿಸುವ ಸಂಸ್ಥೆಯಾದ ಲೆಕ್ಕಪರಿಶೋಧನಾ ನ್ಯಾಯಾಲಯ ಐದು ದೇಶಗಳ 20 ನಿಲ್ದಾಣಗಳನ್ನು ಪರಿಶೀಲಿಸಿ 2014ರಲ್ಲಿ ಕೊಟ್ಟ ವರದಿಯಲ್ಲಿ ಈ ಅಂಕಿಗಳಿವೆ. ರನ್‌ವೇ ಉದ್ದ ಮಾಡಿದರು; ಯಾವ ಬಗೆಯ ವಿಮಾನಕ್ಕಾಗಿ ಉದ್ದ ಮಾಡಿದರೋ ಅದು ಅಲ್ಲಿ ಇಳಿಯಲೇ ಇಲ್ಲ.

ಇಂಥ ಸುದ್ದಿ ಪ್ರಕಟಿಸುವಾಗ ಒಟ್ಟು ವೆಚ್ಚ, ಅರ್ಹ ವೆಚ್ಚ, ಒಕ್ಕೂಟದ ಪಾಲು ಮೂರನ್ನೂ ಕೊಡಿ ಎಂಬುದು ನಮ್ಮ ಕೋರಿಕೆ. ಒಕ್ಕೂಟದ ಪ್ರತಿ ಅನುದಾನ ಕಾರ್ಯಕ್ರಮದ ಫಲಾನುಭವಿ ಪಟ್ಟಿ ಸಾರ್ವಜನಿಕವಾಗಿದೆ. ಆಯೋಗದ ‘ಕೊಹೇಸಿಯೊ’ ಜಾಲತಾಣದಲ್ಲಿ ಹೆಸರು, ಊರು ಹಾಕಿಯೂ ಹುಡುಕಬಹುದು. ಒಂದು ಎಚ್ಚರ ಇರಲಿ: 2014–20ರ ಪಟ್ಟಿಗಳಲ್ಲಿ ಅರ್ಹ ವೆಚ್ಚವನ್ನು ಕೊಡಬೇಕೆಂಬ ನಿಯಮವಿತ್ತು, 2021–27ರ ಪಟ್ಟಿಗಳಲ್ಲಿ ಒಟ್ಟು ವೆಚ್ಚವನ್ನು. ಎರಡು ಅವಧಿಯ ಅಂಕಿಗಳನ್ನು ಹಾಗೆಯೇ ಪಕ್ಕಪಕ್ಕ ಇಟ್ಟರೆ ಹೊಸ ಯೋಜನೆಗಳೆಲ್ಲ ದುಬಾರಿಯಾಗಿ ಕಾಣುತ್ತವೆ.

– ಓದುಗ